ಮನೆಯಿಂದ ಆಫೀಸ್ ಸರ್ವರ್‌ಗೆ: ವಿಪಿಎನ್, ಆರ್‌ಡಿ ಗೇಟ್‌ವೇ, ಜೀರೋ ಟ್ರಸ್ಟ್ – ಯಾವ ದಾರಿ ಯಾರಿಗೆ?

ಪೀಣ್ಯದಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಐವತ್ತು-ನೂರು ಜನರ ಕಂಪನಿಯ ನೆಟ್‌ವರ್ಕ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಒಂದು ವಿಂಡೋಸ್ ಸರ್ವರ್, ಅದರಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ. ಪಕ್ಕದಲ್ಲಿ ಸ್ಟಾಕ್, ಆರ್ಡರ್ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್. ಡ್ರಾಯಿಂಗ್‌ಗಳನ್ನು ಇಡಲು ಒಂದು ನ್ಯಾಸ್, ಅಂದರೆ ಎಲ್ಲರೂ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ. ಒಂದೆರಡು ಲಿನಕ್ಸ್ ಮಷಿನ್. ಮೂಲೆಯಲ್ಲಿ ಸಿಸಿಟಿವಿಯ ಡಿವಿಆರ್. ಹೊರಗಿನಿಂದ ಇದರೊಳಗೆ ಬರಬೇಕಾದವರೂ ಎಲ್ಲ ಕಡೆ ಅವರೇ: ಮನೆಯಿಂದ ಕೆಲಸ ಮಾಡುವ ಅಕೌಂಟ್ಸ್‌ನವರು, ಊರೂರು ತಿರುಗುವ ಸೇಲ್ಸ್‌ನವರು, ಆಡಿಟರ್, ಇಆರ್‌ಪಿ ವೆಂಡರ್, ಮತ್ತೆ ರಾತ್ರಿ ಸರ್ವರ್ ಬಿದ್ದರೆ ಎದ್ದು ಕೂರಬೇಕಾದ ಐಟಿ ಹುಡುಗ.

ಇಂಥ ಕಡೆ ಸಾಮಾನ್ಯವಾಗಿ ಬರುವ ಪ್ರಶ್ನೆ, "ಯಾವ ವಿಪಿಎನ್ ಬಾಕ್ಸ್ ತಗೊಳ್ಳೋದು?" (ವಿಪಿಎನ್ ಅಂದರೆ ಇಂಟರ್ನೆಟ್ ಮೇಲೆ ಆಫೀಸ್ ನೆಟ್‌ವರ್ಕ್‌ವರೆಗೆ ಹಾಕುವ, ಹೊರಗಿನವರು ಓದಲಾಗದ ಸುರಂಗ, ಟನಲ್.) ಆ ಪ್ರಶ್ನೆಗೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಈ ಪಟ್ಟಿಯಲ್ಲಿ ಯಾರಿಗೆ ಇಡೀ ನೆಟ್‌ವರ್ಕ್ ಬೇಕು, ಯಾರಿಗೆ ಒಂದೇ ಒಂದು ಆಪ್ ಸಾಕು? ಆಡಿಟರ್‌ಗೆ ಟ್ಯಾಲಿ ಸಾಕು. ಅವರ ಲ್ಯಾಪ್‌ಟಾಪ್ ನಿಮ್ಮ ನ್ಯಾಸ್ ಅನ್ನು ನೋಡುವ ಅಗತ್ಯವೇ ಇಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಹಾಳೆ ಪಕ್ಕದಲ್ಲಿಟ್ಟುಕೊಂಡೇ ಮಾಡಿದ್ದೇನೆ.

ಹೋಲಿಕೆಗೇ ಬಾರದ ದಾರಿ

ರೂಟರ್‌ನಲ್ಲಿ 3389 ಪೋರ್ಟ್ (ನೆಟ್‌ವರ್ಕ್‌ನ ಒಂದು ಬಾಗಿಲಿನ ನಂಬರ್) ಫಾರ್ವರ್ಡ್ ಮಾಡಿ, ಸರ್ವರ್‌ನ ಪರದೆಯನ್ನು ದೂರದಿಂದ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ (ಆರ್‌ಡಿಪಿ) ಅನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದು. ಟ್ಯಾಲಿ ಇರುವ ಆಫೀಸುಗಳಲ್ಲಿ ಇದು ತುಂಬಾ ಕಾಮನ್. ಐದು ನಿಮಿಷದ ಕೆಲಸ, ಖರ್ಚಿಲ್ಲ. ಪೋರ್ಟ್ ನಂಬರ್ ಬದಲಿಸಿ 33890 ಮಾಡಿದ್ದೇವೆ, ಸೇಫ್ ಅಲ್ವಾ ಅಂತ ಕೇಳುವವರೂ ಇದ್ದಾರೆ. ಇಲ್ಲ. ಇಡೀ ಇಂಟರ್ನೆಟ್ಟಿನ ಐಪಿ ವಿಳಾಸಗಳನ್ನು ಸ್ಕ್ಯಾನ್ ಮಾಡುವವರು ಎಲ್ಲ ಪೋರ್ಟ್‌ಗಳನ್ನೂ ನೋಡುತ್ತಾರೆ, ಉತ್ತರ ಬಂದ ರೀತಿಯಿಂದಲೇ ಇದು ಆರ್‌ಡಿಪಿ ಅಂತ ಗುರುತಿಸುತ್ತಾರೆ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕಲ್ಲ ಅನ್ನುವುದಕ್ಕೆ ಉತ್ತರ, ಆರ್‌ಡಿಪಿಯಲ್ಲಿ ಸಿಕ್ಕ ಬ್ಲೂಕೀಪ್ ಅನ್ನೋ ಭದ್ರತಾ ತೂತು. 2019ರ ಮೇ ತಿಂಗಳಲ್ಲಿ ಹೊರಬಿದ್ದ ಆ ತೂತಿಗೆ ಪಾಸ್‌ವರ್ಡೇ ಬೇಕಿರಲಿಲ್ಲ. ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಕೊಟ್ಟಿತು. ನಿಮ್ಮಲ್ಲಿ ಈ ಫಾರ್ವರ್ಡಿಂಗ್ ಇದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಅದನ್ನು ತೆಗೆದು ಬನ್ನಿ.

ಎಸ್‌ಎಸ್‌ಎಲ್ ವಿಪಿಎನ್: ಹೊಸದಾಗಿ ಕೊಳ್ಳಬೇಡಿ

ವೆಬ್‌ಸೈಟ್‌ಗಳ ಎನ್‌ಕ್ರಿಪ್ಷನ್ ಅನ್ನೇ ಬಳಸುವ ವಿಪಿಎನ್ ಇದು, ಹದಿನೈದು ವರ್ಷಗಳಿಂದ ಕಂಪನಿಗಳ ರೂಢಿ. ಫೈರ್‌ವಾಲ್ ಬಾಕ್ಸ್ ಕೊಂಡರೆ ಜೊತೆಗೇ ಬರುತ್ತಿತ್ತು. 443 ಪೋರ್ಟ್‌ನಲ್ಲಿ ಓಡುವುದರಿಂದ ಹೋಟೆಲ್ ವೈಫೈನಲ್ಲೂ ತಡೆಯಿಲ್ಲ. ಬ್ರೌಸರ್‌ನಲ್ಲಿ ಲಾಗಿನ್ ಪುಟ, ಲ್ಯಾಪ್‌ಟಾಪ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ (ಕ್ಲೈಂಟ್), ಮುಗೀತು. ಬಳಸುವವರಿಗೆ ನಿಜಕ್ಕೂ ಸುಲಭ. ಆದರೂ ಇದರ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ, ಅದಕ್ಕೆ ಕಾರಣ ಕಳೆದ ಕೆಲವು ವರ್ಷಗಳ ದಾಖಲೆ.

ಫೈರ್‌ವಾಲ್ ಕಂಪನಿ ಫೋರ್ಟಿನೆಟ್‌ನ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ ಸಿಕ್ಕ ಸಿವಿಇ-2018-13379 ಅನ್ನೋ ತೂತಿನಿಂದ ಲಾಗಿನ್ ಆಗದೆಯೇ ಪಾಸ್‌ವರ್ಡ್ ಇದ್ದ ಫೈಲ್ ಓದಬಹುದಿತ್ತು. 2019ರಲ್ಲೇ ಪ್ಯಾಚ್ ಬಂತು. ಆದರೂ 2021ರಲ್ಲಿ ಸುಮಾರು 87,000 ಸಾಧನಗಳ ಲಾಗಿನ್ ವಿವರಗಳು ಬಯಲಿಗೆ ಬಿದ್ದವು. ಕೆಲವರು ಪ್ಯಾಚ್ ಹಾಕಿಯೇ ಇರಲಿಲ್ಲ. ಇನ್ನು ಕೆಲವರು ಹಾಕಿದ್ದರು, ಆದರೆ ಪಾಸ್‌ವರ್ಡ್ ಬದಲಿಸಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಟ್ರಿಕ್ಸ್ ಕಂಪನಿಯ ಬಾಕ್ಸ್‌ಗಳಲ್ಲಿ ಸಿಟ್ರಿಕ್ಸ್ ಬ್ಲೀಡ್ ಅನ್ನೋ ತೂತು. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಕದಿಯುತ್ತಿದ್ದುದು ಲಾಗಿನ್ ಆದ ಮೇಲೆ ಸಿಗುವ ಡಿಜಿಟಲ್ ಗುರುತುಚೀಟಿ, ಸೆಷನ್ ಟೋಕನ್. ಒಟಿಪಿ ಹಾಕಿ ಒಳಗೆ ಬಂದವರ ಸೆಷನ್ನನ್ನೇ ಎತ್ತಿಕೊಂಡರೆ ಒಟಿಪಿ ಇದ್ದೂ ಏನು ಉಪಯೋಗ? 2024ರ ಜನವರಿಯಲ್ಲಿ ಇವಾಂಟಿ ಕನೆಕ್ಟ್ ಸೆಕ್ಯೂರ್‌ನ ಸರದಿ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಸರ್ಕಾರಿ ಇಲಾಖೆಗಳಿಗೆ ಆ ಬಾಕ್ಸ್‌ಗಳನ್ನು 48 ಗಂಟೆಯೊಳಗೆ ನೆಟ್‌ವರ್ಕ್‌ನಿಂದ ಕಳಚಿ ಅಂತ ಆದೇಶ ಕೊಟ್ಟಿತು. ಅದೇ ಏಪ್ರಿಲ್‌ನಲ್ಲಿ ಪಾಲೊ ಆಲ್ಟೊದ ಗ್ಲೋಬಲ್‌ಪ್ರೊಟೆಕ್ಟ್‌ನಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ತೂತು.

ಬೇರೆ ಬೇರೆ ಕಂಪನಿ, ಆದರೆ ಕಥೆ ಒಂದೇ. ಎಸ್‌ಎಸ್‌ಎಲ್ ವಿಪಿಎನ್ ಅಂದರೆ ಇಂಟರ್ನೆಟ್‌ಗೆ ಮುಖ ಮಾಡಿ ಕೂತ ಒಂದು ವೆಬ್ ಸರ್ವರ್. ಲಾಗಿನ್‌ಗೂ ಮೊದಲೇ ಯಾರು ಏನು ಕಳಿಸಿದರೂ ಅದು ಓದಿ ಅರ್ಥ ಮಾಡಿಕೊಳ್ಳಬೇಕು. ಒಳಗಿನ ಕೋಡ್ ಹಳೇದು, ದೊಡ್ಡದು. ಬಾಕ್ಸ್ ಮುಚ್ಚಿದ ಪೆಟ್ಟಿಗೆ, ಅದರ ಮೇಲೆ ನೀವು ಆಂಟಿವೈರಸ್ ಹಾಕುವಂತಿಲ್ಲ. ಒಳಗೆ ಯಾರಾದರೂ ಕೂತಿದ್ದರೂ ಗೊತ್ತಾಗುವುದು ಕಷ್ಟ.

ನಾರ್ವೆಯ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2024ರಲ್ಲೇ ಎಸ್‌ಎಸ್‌ಎಲ್ ವಿಪಿಎನ್ ಬಿಟ್ಟು ಐಪಿಸೆಕ್ ಅನ್ನೋ ಇನ್ನೊಂದು ಬಗೆಯ ವಿಪಿಎನ್‌ಗೆ ಹೋಗಿ ಅಂತ ಸಲಹೆ ಕೊಟ್ಟಿತು. 2025ರಲ್ಲಿ ಫೋರ್ಟಿನೆಟ್ ತಾನೇ ಫೋರ್ಟಿಒಎಸ್ 7.6.3ರಿಂದ ಎಸ್‌ಎಸ್‌ಎಲ್ ವಿಪಿಎನ್‌ನ ಟನಲ್ ಮೋಡ್ ತೆಗೆದುಹಾಕಿತು. ಮಾಡಿದವರೇ ಕೈಬಿಟ್ಟದ್ದನ್ನು ನಾವು ಹೊಸದಾಗಿ ಹಿಡಿದುಕೊಳ್ಳುವುದು ಯಾಕೆ? ಈಗಾಗಲೇ ಇದ್ದರೆ ಪ್ಯಾಚ್ ಹಾಕಿ, ಎರಡನೇ ಹಂತದ ಲಾಗಿನ್ (ಪಾಸ್‌ವರ್ಡ್ ಮೇಲೆ ಒಟಿಪಿಯಂಥದ್ದು) ಹಾಕಿ, ಭಾರತದ ಐಪಿಗಳಿಗೆ ಮಾತ್ರ ತೆರೆಯಿರಿ, ಜೊತೆಗೆ ಬಿಡುವ ತಾರೀಕು ಗೊತ್ತುಮಾಡಿ.

ಐಪಿಸೆಕ್: ಫ್ಯಾಕ್ಟರಿಗೂ ಫ್ಯಾಕ್ಟರಿಗೂ

ಪೀಣ್ಯದ ಆಫೀಸನ್ನು ಹೊಸೂರಿನ ಯೂನಿಟ್‌ಗೆ ಶಾಶ್ವತವಾಗಿ ಜೋಡಿಸಬೇಕಾದರೆ ಬೇರೆ ಏನೂ ಯೋಚಿಸಬೇಡಿ, ಐಪಿಸೆಕ್ ಹಾಕಿ. ಎರಡೂ ಕಡೆ ಬೇರೆ ಬೇರೆ ಕಂಪನಿಯ ಫೈರ್‌ವಾಲ್ ಇದ್ದರೂ ಮಾತಾಡಿಕೊಳ್ಳುತ್ತವೆ.

ಮನೆಯಿಂದ ಬರುವವರಿಗೆ, ಐಪಿಸೆಕ್‌ನಲ್ಲಿ ಕೀ ಹೊಂದಿಸುವ ಹೊಸ ವಿಧಾನ ಐಕೆಇವಿ2 ಆಗುತ್ತದೆ. ವಿಂಡೋಸ್, ಮ್ಯಾಕ್, ಐಫೋನ್‌ಗಳಲ್ಲಿ ಕ್ಲೈಂಟ್ ಒಳಗೇ ಇದೆ, ಲೈಸೆನ್ಸ್ ದುಡ್ಡಿಲ್ಲ. ತೊಂದರೆ ಎರಡು. ಒಂದು, ಯುಡಿಪಿ ಪೋರ್ಟ್ 500 ಮತ್ತು 4500 ಬೇಕು, ಕೆಲವು ಹೋಟೆಲ್, ಆಸ್ಪತ್ರೆ ವೈಫೈಗಳು ಇವನ್ನು ಬಿಡುವುದಿಲ್ಲ. ಎರಡು, ಸೆಟ್ಟಿಂಗ್ ಜಾಸ್ತಿ, ತಪ್ಪಿಗೆ ಜಾಗವೂ ಜಾಸ್ತಿ. ವಿಂಡೋಸ್‌ನ ಒಳಗಿನ ಕ್ಲೈಂಟ್ ಸುಮ್ನೆ ಬಿಟ್ಟರೆ ಹಳೇ ದುರ್ಬಲ ಕೀ-ವಿನಿಮಯಕ್ಕೇ ಹೋಗುತ್ತದೆ. ವಿಂಡೋಸ್‌ನ ಕಮಾಂಡ್ ಟೂಲ್ ಪವರ್‌ಶೆಲ್‌ನಲ್ಲಿ ಒಂದು ಸಾಲು ಬರೆದು ಗಟ್ಟಿ ಮಾಡಬೇಕು. ಹಳೇ ಐಕೆಇವಿ1, ಅದರಲ್ಲೂ ಅಗ್ರೆಸಿವ್ ಮೋಡ್ ಜೊತೆ ಎಲ್ಲರಿಗೂ ಒಂದೇ ಗುಟ್ಟಿನ ಪದ (ಪ್ರಿಶೇರ್ಡ್ ಕೀ) ಕೊಟ್ಟಿದ್ದರೆ, ಹೊರಗಿನವರು ಅದರಿಂದ ಲೆಕ್ಕ ಹಾಕಿದ ಅಚ್ಚು (ಹ್ಯಾಶ್) ತಗೊಂಡು ಹೋಗಿ ಆರಾಮಾಗಿ ಒಡೆಯಬಹುದು. ತೀರಾ ಹಳೇ ವಿಪಿಎನ್ ವಿಧಾನ ಪಿಪಿಟಿಪಿ ಇನ್ನೂ ಓಡುತ್ತಿದ್ದರೆ ಅದರ ಬಗ್ಗೆ ಚರ್ಚೆಯೇ ಬೇಡ. 2012ರಲ್ಲೇ ಅದರ ಲಾಗಿನ್ ವಿಧಾನವನ್ನು ಒಡೆದು ತೋರಿಸಿ ಆಗಿದೆ.

ವೈರ್‌ಗಾರ್ಡ್: ನನ್ನ ಮೊದಲ ಆಯ್ಕೆ, ಒಂದು ಷರತ್ತಿನ ಮೇಲೆ

ಜೇಸನ್ ಡೊನೆನ್‌ಫೆಲ್ಡ್ ಬರೆದ ವಿಪಿಎನ್ ಸಾಫ್ಟ್‌ವೇರ್ ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಸೇರಿತು. ಇಡೀ ಕೋಡ್ ಸುಮಾರು 4,000 ಸಾಲು. ಓಪನ್‌ವಿಪಿಎನ್ ಆಗಲಿ ಐಪಿಸೆಕ್ ಆಗಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಕೋಡ್ ಚಿಕ್ಕದಾದಷ್ಟೂ ತೂತು ಅಡಗಲು ಜಾಗ ಕಮ್ಮಿ.

ನನಗೆ ಹೆಚ್ಚು ಇಷ್ಟವಾಗುವುದು ಅದರ ಮೌನ. ಸರಿಯಾದ ಕೀ ಇಲ್ಲದವರು ಏನು ಕಳಿಸಿದರೂ ಅದು ಉತ್ತರ ಕೊಡುವುದಿಲ್ಲ. ಸ್ಕ್ಯಾನ್ ಮಾಡಿದವನಿಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗುವುದಿಲ್ಲ. ಲಾಗಿನ್ ಪುಟ ಇಲ್ಲ, ಊಹಿಸಲು ಪಾಸ್‌ವರ್ಡ್ ಇಲ್ಲ. ಮೊಬೈಲ್ ಡೇಟಾದಿಂದ ವೈಫೈಗೆ ಹಾರಿದರೂ ಕನೆಕ್ಷನ್ ಕಡಿಯುವುದಿಲ್ಲ. ಸೇಲ್ಸ್‌ನವರಿಗೆ ಇದೊಂದೇ ಸಾಕು ಖುಷಿಯಾಗಲು.

ಷರತ್ತು ಏನು? ವೈರ್‌ಗಾರ್ಡ್‌ಗೆ ಮನುಷ್ಯರು ಗೊತ್ತಿಲ್ಲ, ಕೀಗಳು ಮಾತ್ರ ಗೊತ್ತು. ಯೂಸರ್‌ನೇಮ್ ಇಲ್ಲ, ಒಟಿಪಿ ಇಲ್ಲ. ಲ್ಯಾಪ್‌ಟಾಪ್ ಕದ್ದವನ ಕೈಗೆ ಕೀ ಫೈಲೂ ಸಿಗುತ್ತದೆ. ಕೆಲಸ ಬಿಟ್ಟವರ ಕೀಯನ್ನು ನೀವೇ ನೆನಪಿಟ್ಟು ತೆಗೆಯಬೇಕು. ಹತ್ತು ಜನಕ್ಕೆ ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ನಿಭಾಯಿಸಬಹುದು. ಅರವತ್ತು ಜನಕ್ಕೆ ಆಗುವುದಿಲ್ಲ. ಆಗ ಅದರ ಮೇಲೆ ಲಾಗಿನ್ ಕೂರಿಸಿದ ಟೇಲ್‌ಸ್ಕೇಲ್, ನೆಟ್‌ಬರ್ಡ್‌ನಂಥವು ಬೇಕು. ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದಲೇ ಲಾಗಿನ್, ಖಾತೆ ಮುಚ್ಚಿದರೆ ಮತ್ತೆ ಲಾಗಿನ್ ಆಗಲು ಬರುವುದಿಲ್ಲ. ಸ್ವಂತ ಸರ್ವರ್‌ನಲ್ಲೇ ಇಡಬೇಕೆಂದರೆ ನೆಟ್‌ಬರ್ಡ್ ಅಥವಾ ಹೆಡ್‌ಸ್ಕೇಲ್ ನೋಡಿ.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ, ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವುದು. ರೂಟರ್‌ನ ಹೊರಮುಖದ (ವ್ಯಾನ್) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿವಿ4 ಇಲ್ಲ. ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟಲಾರರು. ಬರೀ ವೈರ್‌ಗಾರ್ಡ್ ಆದರೆ ಬದಲಾಗದ ಸ್ವಂತ ವಿಳಾಸಕ್ಕೆ (ಸ್ಟ್ಯಾಟಿಕ್ ಐಪಿ) ದುಡ್ಡು ಕಟ್ಟಬೇಕು, ಇಲ್ಲವೇ ಒಂದು ಚಿಕ್ಕ ಕ್ಲೌಡ್ ಸರ್ವರ್ ಇಟ್ಟು ಅದರ ಮೂಲಕ ಹಾಯಬೇಕು. ಟೇಲ್‌ಸ್ಕೇಲ್‌ನಂಥವು ಒಳಗಿನಿಂದ ಹೊರಗೆ ದಾರಿ ತೆಗೆಯುವುದರಿಂದ ಈ ತಲೆನೋವು ಇಲ್ಲ.

ಆರ್‌ಡಿ ಗೇಟ್‌ವೇ, ಮತ್ತು ಟ್ಯಾಲಿಯ ಮಾತು

ವಿಪಿಎನ್ ಹಾಕಿದ ಮೇಲೆ ಬರುವ ಮೊದಲ ದೂರು: "ಟ್ಯಾಲಿ ತುಂಬಾ ಸ್ಲೋ." ತಪ್ಪು ವಿಪಿಎನ್‌ದಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ತೆರೆದು, ಆಫೀಸಿನ ಹಂಚಿಕೊಂಡ ಫೋಲ್ಡರ್‌ನ ಡೇಟಾ ಓದಿಸಿದರೆ ಒಂದೊಂದು ವೋಚರ್‌ಗೂ ಎಷ್ಟೋ ಸಲ ಹೋಗಿ ಬರಬೇಕು. ಒಂದೇ ಕಟ್ಟಡದಲ್ಲಿ ಅದು ಗೊತ್ತಾಗುವುದಿಲ್ಲ, ಮೈಸೂರಿನ ಮನೆಯಿಂದ ಗೊತ್ತಾಗುತ್ತದೆ. ಟ್ಯಾಲಿ ಆಫೀಸಿನಲ್ಲೇ ಓಡಲಿ, ಮನೆಗೆ ಬರೀ ಪರದೆ ಬರಲಿ. ಅದಕ್ಕೆ ಆರ್‌ಡಿಪಿ ಹೇಳಿ ಮಾಡಿಸಿದ್ದು.

ಈ ಆರ್‌ಡಿಪಿಯನ್ನು 443ರ ಎಚ್‌ಟಿಟಿಪಿಎಸ್ ಒಳಗೆ ಸುತ್ತಿ, ಯಾರು ಯಾವ ಮಷಿನ್‌ಗೆ ಹೋಗಬಹುದು ಅಂತ ನಿಯಮ ಹಾಕುವುದು ಮೈಕ್ರೋಸಾಫ್ಟ್‌ನ ಆರ್‌ಡಿ ಗೇಟ್‌ವೇ. ಆಕ್ಟಿವ್ ಡೈರೆಕ್ಟರಿ (ನೌಕರರ ಖಾತೆಗಳನ್ನು ಒಂದೇ ಕಡೆ ಇಡುವ ವಿಂಡೋಸ್ ವ್ಯವಸ್ಥೆ) ಇರುವ ಕಡೆ ಚೆನ್ನಾಗಿ ಕೂರುತ್ತದೆ. ಮನೆಯವರ ಮಷಿನ್ ನೆಟ್‌ವರ್ಕ್ ಒಳಗೆ ಬರುವುದೇ ಇಲ್ಲ, ಪರದೆ ಮಾತ್ರ ಆಚೆ ಹೋಗುತ್ತದೆ. ಇದು ದೊಡ್ಡ ಲಾಭ. ಆದರೆ ಇದೂ ಇಂಟರ್ನೆಟ್‌ಗೆ ತೆರೆದ ವಿಂಡೋಸ್ ಸರ್ವರ್ರೇ. 2020ರ ಜನವರಿಯಲ್ಲಿ ಇದರ ಯುಡಿಪಿ ಭಾಗದಲ್ಲಿ ಲಾಗಿನ್ ಬೇಡದ ತೂತು ಸಿಕ್ಕಿತ್ತು. ಬಳಸುವುದಾದರೆ ಯುಡಿಪಿ 3391 ಅನ್ನು ಹೊರಗಿನಿಂದ ಮುಚ್ಚಿಡಿ. ಎರಡನೇ ಹಂತದ ಲಾಗಿನ್ ಅದರೊಳಗೇ ಬರುವುದಿಲ್ಲ, ಲಾಗಿನ್ ಪರಿಶೀಲಿಸುವ ವಿಂಡೋಸ್ ಸೇವೆ ಎನ್‌ಪಿಎಸ್ ಮೂಲಕ ಬೇರೆ ಸೇರಿಸಬೇಕು.

ದುಡ್ಡಿನ ಲೆಕ್ಕವನ್ನೂ ಮೊದಲೇ ಮಾಡಿ. ವಿಂಡೋಸ್ ಸರ್ವರ್‌ನಲ್ಲಿ ಆಡಳಿತಕ್ಕೆಂದು ಎರಡು ರಿಮೋಟ್ ಸೆಷನ್ ಮಾತ್ರ ಸಿಗುತ್ತವೆ. ಹತ್ತು ಜನ ಅಕೌಂಟ್ಸ್‌ನವರು ಬರಬೇಕಾದರೆ ಹತ್ತು ರಿಮೋಟ್ ಡೆಸ್ಕ್‌ಟಾಪ್ (ಆರ್‌ಡಿಎಸ್) ಲೈಸೆನ್ಸ್ ಬೇಕು. ಮಿತಿ ಮೀರಲು ವಿಂಡೋಸ್ ಫೈಲ್‌ಗಳನ್ನೇ ತಿದ್ದುವ ಟೂಲ್‌ಗಳನ್ನು ಪುಕ್ಕಟೆ ಸಿಗುತ್ತೆ ಅಂತ ಹಾಕಿಸಿಕೊಳ್ಳಬೇಡಿ. ಲೈಸೆನ್ಸ್ ಉಲ್ಲಂಘನೆ ಒಂದು ಕಡೆ, ಒಂದು ಅಪ್‌ಡೇಟ್ ಬಂದರೆ ಸೋಮವಾರ ಬೆಳಿಗ್ಗೆ ಯಾರೂ ಲಾಗಿನ್ ಆಗದಿರುವುದು ಇನ್ನೊಂದು ಕಡೆ.

ನನ್ನ ಪ್ರಕಾರ ಚಿಕ್ಕ ಕಂಪನಿಗೆ ಗೇಟ್‌ವೇಗಿಂತ, ವೈರ್‌ಗಾರ್ಡ್ ಒಳಗೆ ಆರ್‌ಡಿಪಿ ಚೆನ್ನ. ಆ ಟನಲ್‌ನಿಂದ ಟ್ಯಾಲಿ ಸರ್ವರ್‌ನ 3389 ಬಿಟ್ಟು ಬೇರೇನೂ ಕಾಣದ ಹಾಗೆ ಫೈರ್‌ವಾಲ್ ನಿಯಮ ಹಾಕಿ.

ಜೀರೋ ಟ್ರಸ್ಟ್: ಹೊರಗಿನವರಿಗೆ ಒಳ್ಳೇದು

2009ರಲ್ಲಿ ಗೂಗಲ್ ಮೇಲೆ ಆಪರೇಷನ್ ಅರೋರಾ ಅನ್ನೋ ದಾಳಿ ನಡೆಯಿತು. ಅದಾದ ಮೇಲೆ ಗೂಗಲ್ ತನ್ನ ಒಳಗಿನ ನೆಟ್‌ವರ್ಕ್ ಅನ್ನೇ ನಂಬುವುದನ್ನು ಬಿಟ್ಟಿತು. ಆಫೀಸಿನೊಳಗೆ ಕೂತವರೂ ಪ್ರತಿ ಆಪ್‌ಗೂ ತಾವು ಯಾರು, ತಮ್ಮ ಮಷಿನ್ ಯಾವುದು ಅಂತ ತೋರಿಸಬೇಕು. ಬಿಯಾಂಡ್‌ಕಾರ್ಪ್ ಹೆಸರಿನಲ್ಲಿ 2014ರಿಂದ ಅದನ್ನು ಬರೆದು ಪ್ರಕಟಿಸಿದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರ ಆಗಸ್ಟ್‌ನಲ್ಲಿ ಜೀರೋ ಟ್ರಸ್ಟ್ ಅನ್ನೋ ಈ ವಿಧಾನಕ್ಕೊಂದು ವ್ಯಾಖ್ಯಾನ ಕೊಟ್ಟಿತು.

ನಮ್ಮ ಮಟ್ಟಕ್ಕೆ ಇಳಿಸಿದರೆ ಹೀಗೆ: ಕ್ಲೌಡ್‌ಫ್ಲೇರ್ ಅಥವಾ ಝಡ್‌ಸ್ಕೇಲರ್‌ನಂಥವರ ಒಂದು ಚಿಕ್ಕ ಪ್ರೋಗ್ರಾಂ ನಿಮ್ಮ ಆಫೀಸಿನೊಳಗೆ ಓಡುತ್ತದೆ. ಅದು ಹೊರಕ್ಕೆ ಕನೆಕ್ಷನ್ ಹಿಡಿದಿಡುತ್ತದೆ. ಫೈರ್‌ವಾಲ್‌ನಲ್ಲಿ ಒಳಬರುವ ಒಂದು ಪೋರ್ಟೂ ತೆರೆಯಬೇಕಿಲ್ಲ, ಸ್ಟ್ಯಾಟಿಕ್ ಐಪಿ ಬೇಕಿಲ್ಲ. ಇಆರ್‌ಪಿ ವೆಂಡರ್ ಬ್ರೌಸರ್‌ನಲ್ಲಿ ವಿಳಾಸ ತೆರೆದು, ಇಮೇಲ್‌ನಿಂದ ದೃಢೀಕರಿಸಿ, ಆ ಒಂದು ಆಪ್‌ಗೆ ಮಾತ್ರ ಬರುತ್ತಾರೆ. ಶುಕ್ರವಾರ ಸಂಜೆ ಏಳಕ್ಕೆ ಅವರ ಪ್ರವೇಶ ತಾನಾಗಿ ಮುಗಿಯುವ ಹಾಗೂ ಮಾಡಬಹುದು. ವೆಂಡರ್‌ಗೆ, ಆಡಿಟರ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಬೆಲೆ ತೆರಬೇಕಾದ್ದು ಬೇರೆ ಕಡೆ. ಬಿಲ್ ತಲೆಗೆ ಇಷ್ಟು ಅಂತ ತಿಂಗಳು ತಿಂಗಳು ಬರುತ್ತದೆ, ಬಹಳ ಸಲ ಡಾಲರ್‌ನಲ್ಲಿ. ಬ್ರೌಸರ್ ಆಪ್‌ಗಳಿಗೆ ಸಲೀಸು, ಹಳೇ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್‌ಗಳಿಗೆ ಮತ್ತೆ ಕ್ಲೈಂಟ್ ಬೇಕು. ವೆಬ್ ಆಪ್‌ಗಳ ಎನ್‌ಕ್ರಿಪ್ಷನ್ ಅವರ ಸರ್ವರ್‌ನಲ್ಲೇ ಬಿಚ್ಚಿಕೊಳ್ಳುತ್ತದೆ, ಇದು ನಿಮ್ಮ ಗ್ರಾಹಕರ ಒಪ್ಪಂದಕ್ಕೆ ಒಗ್ಗುತ್ತದಾ ನೋಡಿಕೊಳ್ಳಿ. ಅವರು ಬಿದ್ದರೆ ನೀವೂ ಬೀಳುತ್ತೀರಿ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೆಟ್ಟಾಗ ಅದರ ಜೀರೋ ಟ್ರಸ್ಟ್ ಸೇವೆ ಆಕ್ಸೆಸ್‌ನ ಲಾಗಿನ್ ಕೂಡ ಕೆಟ್ಟಿತು. ಸರ್ವರ್ ಪಕ್ಕದ ಕೋಣೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದರೂ ಮನೆಯಲ್ಲಿದ್ದವರಿಗೆ ಅದು ಸಿಗುವಂತಿರಲಿಲ್ಲ. ಹಾಗಾಗಿ ಐಟಿಯವರಿಗೆ ಎರಡನೇ ದಾರಿಯೊಂದು ಇರಲೇಬೇಕು.

ಒಂದು ಎಚ್ಚರಿಕೆ. ಹಳೇ ವಿಪಿಎನ್‌ಗೇ ಜೀರೋ ಟ್ರಸ್ಟ್ ಅಂತ ಚೀಟಿ ಅಂಟಿಸಿ ಮಾರುವವರಿದ್ದಾರೆ. ಸೇಲ್ಸ್‌ನವರಿಗೆ ಒಂದೇ ಪ್ರಶ್ನೆ ಹಾಕಿ: ಲಾಗಿನ್ ಆದ ಆಡಿಟರ್ ನನ್ನ ಡಿವಿಆರ್‌ಗೆ ಪಿಂಗ್ ಮಾಡಬಹುದಾ (ಇದೆಯಾ ಅಂತ ತಟ್ಟಿ ನೋಡಬಹುದಾ)? ಉತ್ತರ ಹೌದು ಎಂದಾದರೆ ಅದು ವಿಪಿಎನ್.

ಲಿನಕ್ಸ್ ಮಷಿನ್‌ಗಳಿಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಮೊದಲು ಹಾಯಬೇಕಾದ ಒಂದು ಬಾಸ್ಟಿಯನ್ ಸರ್ವರ್, ಪಾಸ್‌ವರ್ಡ್ ಲಾಗಿನ್ ಬಂದ್, ದೂರದಿಂದ ಲಾಗಿನ್ ಆಗಲು ಯುಎಸ್‌ಬಿ ಕೀಯಲ್ಲಿರುವ ಎಸ್‌ಎಸ್‌ಎಚ್ ಕೀ. ಓಪನ್‌ಎಸ್‌ಎಸ್‌ಎಚ್ 8.2ರಿಂದ ಇದಕ್ಕೆ ಬೆಂಬಲ ಇದೆ. ಬಾಸ್ಟಿಯನ್ ಕೂಡ ವಿಪಿಎನ್ ಹಿಂದೆಯೇ ಇರಲಿ.

ಯಾವುದನ್ನು ಆರಿಸಿದರೂ ಬಿಡಲಾಗದ್ದು

ಎರಡನೇ ಹಂತದ ಲಾಗಿನ್. 2024ರ ಫೆಬ್ರವರಿಯಲ್ಲಿ ಅಮೆರಿಕದ ವೈದ್ಯಕೀಯ ಬಿಲ್ಲಿಂಗ್ ಕಂಪನಿ ಚೇಂಜ್ ಹೆಲ್ತ್‌ಕೇರ್‌ಗೆ ದಾಳಿಕೋರರು ಬಂದದ್ದು ಎರಡನೇ ಹಂತವಿಲ್ಲದ ಒಂದು ಸಿಟ್ರಿಕ್ಸ್ ಪೋರ್ಟಲ್‌ನಿಂದ. ಆ ದೇಶದ ಔಷಧಿ ಅಂಗಡಿಗಳ ಬಿಲ್ಲಿಂಗ್ ವಾರಗಟ್ಟಲೆ ಏರುಪೇರಾಯಿತು. ಫೋನಿಗೆ ಬರುವ "ಅಪ್ರೂವ್" ಬಟನ್ ಮಾತ್ರ ಸಾಲದು. 2022ರಲ್ಲಿ ಉಬರ್‌ಗೆ ನುಗ್ಗಿದವನು ಒಬ್ಬ ಗುತ್ತಿಗೆ ನೌಕರನಿಗೆ ಮತ್ತೆ ಮತ್ತೆ ಆ ಕೋರಿಕೆ ಕಳಿಸಿ ಸುಸ್ತು ಮಾಡಿಸಿಯೇ ಒಪ್ಪಿಗೆ ಪಡೆದದ್ದು. ಪರದೆಯ ಮೇಲಿನ ನಂಬರ್ ಅನ್ನು ಫೋನಿನಲ್ಲಿ ಟೈಪ್ ಮಾಡಿಸುವ ವಿಧಾನ ಇಡಿ. ಅಡ್ಮಿನ್‌ಗಳಿಗಾದರೂ ಫಿಡೋ ಮಾನದಂಡದ ಯುಎಸ್‌ಬಿ ಲಾಗಿನ್ ಕೀ ಕೊಡಿಸಿ.

ಲಾಗ್‌ಗಳು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನಗಳ ಲಾಗ್ ಇಟ್ಟಿರಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಎಲ್ಲ ಸಿಸ್ಟಂಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿರಬೇಕು. ಗ್ರಾಹಕರ ವಿವರ ಐದು ವರ್ಷ ಇಡುವ ನಿಯಮ ಕಂಪನಿಗಳ ಒಳಗಿನ ವಿಪಿಎನ್‌ಗೆ ಅನ್ವಯಿಸುವುದಿಲ್ಲ, ಅದು ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ. ಚಿಕ್ಕ ಫೈರ್‌ವಾಲ್‌ಗಳಲ್ಲಿ 180 ದಿನದ ಲಾಗ್ ಹಿಡಿಯುವಷ್ಟು ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಹಳೇ ಪಿಸಿಯಲ್ಲಾದರೂ ಲಾಗ್ ಕೂಡಿಡುವ ಒಂದು ಸಿಸ್‌ಲಾಗ್ ಸರ್ವರ್ ಇಡಿ.

ಇನ್ನೊಂದು ಚಿಲ್ಲರೆ ವಿಷಯ, ಆದರೆ ಸಪೋರ್ಟ್ ಕಾಲ್‌ಗಳ ದೊಡ್ಡ ಪಾಲು ಇದೇ. ಆಫೀಸ್ ನೆಟ್‌ವರ್ಕ್ 192.168.1.0 ಇದ್ದು ಮನೆಯ ರೂಟರ್ ಕೂಡ ಅದೇ ಆಗಿದ್ದರೆ, ವಿಪಿಎನ್ ಹಸಿರು ತೋರಿಸಿದರೂ ಸರ್ವರ್ ತೆರೆಯುವುದಿಲ್ಲ. ಲ್ಯಾಪ್‌ಟಾಪ್ ಆ ವಿಳಾಸವನ್ನು ಮನೆಯಲ್ಲೇ ಹುಡುಕುತ್ತಿರುತ್ತದೆ. ಆಫೀಸಿಗೆ 10.83.20.0 ಥರದ ಯಾರೂ ಬಳಸದ ಶ್ರೇಣಿ ಕೊಡಿ. ವೈರ್‌ಗಾರ್ಡ್‌ನಲ್ಲಿ ಪಿಂಗ್ ಆಗುತ್ತದೆ, ಪುಟ ತೆರೆಯುವುದಿಲ್ಲ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಪಿಪಿಪಿಒಇ (ಯೂಸರ್‌ನೇಮ್-ಪಾಸ್‌ವರ್ಡ್ ಹಾಕುವ) ಬ್ರಾಡ್‌ಬ್ಯಾಂಡ್ ಆದರೆ 1420ರ ಬದಲು 1412, ಆಗಲೂ ಆಗದಿದ್ದರೆ 1280.

ನಾನಾದರೆ ಹೀಗೆ ಮಾಡುತ್ತೇನೆ

ಮೇಲೆ ಹೇಳಿದ ಕಂಪನಿಗೆ: ನೌಕರರಿಗೆ ಕಂಪನಿ ಇಮೇಲ್‌ನಿಂದ ಲಾಗಿನ್ ಆಗುವ ವೈರ್‌ಗಾರ್ಡ್ ಆಧಾರಿತ ವಿಪಿಎನ್, ಅದರೊಳಗೆ ಟ್ಯಾಲಿಗೆ ಆರ್‌ಡಿಪಿ. ಆಡಿಟರ್, ವೆಂಡರ್‌ಗೆ ಜೀರೋ ಟ್ರಸ್ಟ್ ದಾರಿಯಲ್ಲಿ ಒಂದೊಂದೇ ಆಪ್. ಎರಡು ಯೂನಿಟ್‌ಗಳ ನಡುವೆ ಐಪಿಸೆಕ್. ಐಟಿಯವರಿಗೆ ಮಾತ್ರ, ಬೇರೆ ಇಂಟರ್ನೆಟ್ ಲೈನ್ ಮೇಲೆ, ಬರೀ ವೈರ್‌ಗಾರ್ಡ್‌ನ ತುರ್ತು ದಾರಿ. ಮೂವತ್ತಕ್ಕಿಂತ ಕಮ್ಮಿ ಜನ ಇದ್ದು ಎಲ್ಲ ಆಪ್‌ಗಳೂ ಬ್ರೌಸರ್‌ನಲ್ಲೇ ಇದ್ದರೆ ವಿಪಿಎನ್ ಬಿಟ್ಟು ಬರೀ ಜೀರೋ ಟ್ರಸ್ಟ್ ಸಾಕು. ಎಲ್ಲವೂ ವಿಂಡೋಸ್, ಲೈಸೆನ್ಸ್‌ಗಳು ಆಗಲೇ ಇವೆ ಎನ್ನುವವರು ಆರ್‌ಡಿ ಗೇಟ್‌ವೇಯಲ್ಲೇ ಉಳಿಯಬಹುದು.

ಹೊಸದು ನಿಂತ ಮೇಲೆ ಹಳೇದನ್ನು ಮುಚ್ಚುವ ಕೆಲಸವನ್ನು ಯಾರ ಹೆಸರಿಗಾದರೂ ಬರೆದಿಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಇಂಧನ ಪೈಪ್‌ಲೈನ್ ನಿಂತುಹೋದದ್ದು, ಬಳಕೆಯಲ್ಲಿಲ್ಲ ಅಂದುಕೊಂಡಿದ್ದ ಹಳೇ ವಿಪಿಎನ್‌ನ ಒಂದು ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಮಾತ್ರ ಇತ್ತು. ಕಂಪನಿ ದಾಳಿಕೋರರಿಗೆ 75 ಬಿಟ್‌ಕಾಯಿನ್ ಒತ್ತೆಹಣ ಕಟ್ಟಿತು. ಹಾಗಾಗಿ ಎರಡು ವಾರ ಎರಡೂ ದಾರಿ ಓಡಲಿ, ಆಮೇಲೆ ಹಳೇ ಬಾಕ್ಸ್‌ನಲ್ಲಿ ವಿಪಿಎನ್ ಸೇವೆ ನಿಲ್ಲಿಸಿ, ಖಾತೆಗಳನ್ನು ಅಳಿಸಿ, ಡಿಎನ್‌ಎಸ್ ಹೆಸರು ತೆಗೆಯಿರಿ. ನಂತರ ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಆಫೀಸಿನ ಐಪಿಯ ಎಲ್ಲ 65,535 ಟಿಸಿಪಿ ಪೋರ್ಟ್‌ಗಳನ್ನೂ ಎನ್‌ಮ್ಯಾಪ್ ಅನ್ನೋ ಟೂಲ್‌ನಿಂದ ಸ್ಕ್ಯಾನ್ ಮಾಡಿ. ತೆರೆದಿದೆ ಅಂತ ಬಂದ ಪ್ರತಿಯೊಂದು ಪೋರ್ಟ್‌ಗೂ ಯಾಕೆ, ಯಾರಿಗೆ ಅಂತ ಆ ಮೊದಲ ಹಾಳೆಯಲ್ಲಿ ಉತ್ತರ ಸಿಗಬೇಕು. ಬಹಳ ಕಡೆ ಡಿವಿಆರ್ ಸಿಕ್ಕಿಬೀಳುವುದು ಇಲ್ಲೇ.